ಬಿಸಿಲು, ಇಬ್ಬನಿ, ಮಳೆಯನ್ನು ಪೆಟ್ಟಿಗೆಯೊಳಗೆ ತರುವ ಬಗೆ: ವೇಗವರ್ಧಿತ ಹವಾಮಾನ ಪರೀಕ್ಷೆಗೊಂದು ಮಾರ್ಗದರ್ಶಿ

ಕೆಲವು ವರ್ಷ ಬಯಲಿನಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬೆರಳಾಡಿಸಿದರೆ ಬೆರಳಿಗೆ ಬಿಳಿ ಪುಡಿ ಅಂಟುತ್ತದೆ. ಅಂಚನ್ನು ತುಸು ಬಾಗಿಸಿದರೆ ಚಟಕ್ಕನೆ ಮುರಿಯುತ್ತದೆ. ಅದೇ ಕುರ್ಚಿಯ ಅಡಿಭಾಗ, ಅಂದರೆ ಬಿಸಿಲು ಕಾಣದ ಮಗ್ಗುಲು, ಹೆಚ್ಚುಕಡಿಮೆ ಹೊಸದರಂತೆಯೇ ಉಳಿದಿರುತ್ತದೆ. ಬಣ್ಣ, ಪ್ಲಾಸ್ಟಿಕ್, ರಬ್ಬರ್, ಬಟ್ಟೆ, ಅಂಟು ಮುಂತಾದ ಯಾವುದೇ ವಸ್ತು ಹೊರಗಿನ ಹವೆಗೆ ಎಷ್ಟು ತಾಳುತ್ತದೆ ಎಂಬುದನ್ನು ಹತ್ತು ವರ್ಷ ಕಾಯದೆ, ಕೆಲವು ವಾರ ಅಥವಾ ತಿಂಗಳುಗಳಲ್ಲಿ ಅರಿಯಲು ಇರುವ ಸಾಧನವೇ ವೇಗವರ್ಧಿತ ಹವಾಮಾನ ಪರೀಕ್ಷಾ ಯಂತ್ರ. ಇಂಥ ಯಂತ್ರವನ್ನು ಮೊದಲ ಬಾರಿಗೆ ಬಳಸಲು ಹೊರಟವರಿಗೆ, ಮತ್ತು ಬೇರೆ ಪ್ರಯೋಗಾಲಯದಿಂದ ಪರೀಕ್ಷೆ ಮಾಡಿಸಿಕೊಂಡು ವರದಿಯನ್ನು ಓದಬೇಕಾದವರಿಗೆ, ಕೆಲಸದ ಪ್ರತಿಯೊಂದು ಹಂತವನ್ನೂ ಇಲ್ಲಿ ವಿವರಿಸಿದ್ದೇನೆ.

ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡಬೇಕು. ಯಂತ್ರವನ್ನು ನೋಡಿದ ಬಹುತೇಕ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ಇದರಲ್ಲಿ ಸಾವಿರ ಗಂಟೆ ಎಂದರೆ ಹೊರಗೆ ಎಷ್ಟು ವರ್ಷ?’ ಎಂಬುದು. ಎಲ್ಲ ವಸ್ತುಗಳಿಗೂ ಒಪ್ಪುವ ಒಂದೇ ಉತ್ತರ ಈ ಪ್ರಶ್ನೆಗೆ ಇಲ್ಲ. ಯಂತ್ರವು ನಂಬಿಕೆಯಿಂದ ಹೇಳಬಲ್ಲದ್ದು ಹೋಲಿಕೆಯನ್ನು ಮಾತ್ರ: ಈ ಎರಡು ಬಣ್ಣಗಳಲ್ಲಿ ಯಾವುದು ಮೊದಲು ಸೋಲುತ್ತದೆ, ಹೊಸ ಮಿಶ್ರಣವು ಹಳೆಯದಕ್ಕಿಂತ ಮೇಲೋ ಕೀಳೋ ಎಂಬುದನ್ನು. ಇದನ್ನು ಒಪ್ಪಿಕೊಂಡು ಕೆಲಸಕ್ಕೆ ಇಳಿದವರಿಗೆ ಮುಂದಿನ ನಿರ್ಧಾರಗಳೆಲ್ಲ ಸುಲಭವಾಗುತ್ತವೆ.

ಮೊದಲು ಪ್ರಶ್ನೆಯನ್ನು ಬರೆದಿಡಿ

ಯಂತ್ರದ ಬಾಗಿಲು ತೆರೆಯುವ ಮೊದಲೇ ಒಂದು ಹಾಳೆಯಲ್ಲಿ ಮೂರು ಸಂಗತಿಗಳನ್ನು ಬರೆದುಕೊಳ್ಳಿ. ವಸ್ತು ಎಲ್ಲಿ ಬಾಳುತ್ತದೆ: ನೇರ ಬಿಸಿಲಿನಲ್ಲೋ, ಕಿಟಕಿ ಗಾಜಿನ ಹಿಂದೆಯೋ? ಅದರ ಯಾವ ಗುಣ ಕೆಟ್ಟರೆ ಅದನ್ನು ಕೆಟ್ಟಿದೆ ಎನ್ನುತ್ತೀರಿ: ಬಣ್ಣವೋ, ಹೊಳಪೋ, ಬಲವೋ? ಆ ಗುಣ ಎಷ್ಟು ಕುಸಿದಾಗ ಪರೀಕ್ಷೆ ಮುಗಿಯಿತು ಎನ್ನುತ್ತೀರಿ? ಮೂರನೆಯ ಪ್ರಶ್ನೆಗೆ ಮುಂಚಿತವಾಗಿಯೇ ಉತ್ತರ ಕಂಡುಕೊಳ್ಳದಿದ್ದರೆ, ಫಲಿತಾಂಶ ಬಂದ ಮೇಲೆ ನಮಗೆ ಬೇಕಾದ ಕಡೆಗೆ ಗೆರೆ ಎಳೆದುಕೊಳ್ಳುವ ಆಸೆ ಹುಟ್ಟುತ್ತದೆ.

ವಸ್ತುವನ್ನು ಕೆಡಿಸುವವು ಮುಖ್ಯವಾಗಿ ಬೆಳಕು, ಶಾಖ ಮತ್ತು ನೀರು. ನೆಲ ಮುಟ್ಟುವ ಸೂರ್ಯಶಕ್ತಿಯಲ್ಲಿ ನೇರಳಾತೀತ (ಯುವಿ) ಭಾಗ ಇಪ್ಪತ್ತರಲ್ಲಿ ಒಂದು ಪಾಲಿನಷ್ಟೇ ಇದ್ದರೂ ಹೆಚ್ಚಿನ ಹಾನಿ ಅದರಿಂದಲೇ ಆಗುತ್ತದೆ. ಕಾರಣ ಸರಳವಾಗಿದೆ. 300 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಶಕ್ತಿ ಮೋಲ್ ಒಂದಕ್ಕೆ ಸುಮಾರು 399 ಕಿಲೋಜೂಲ್. ಇಂಗಾಲ–ಇಂಗಾಲದ ಒಂಟಿ ಬಂಧವನ್ನು ಮುರಿಯಲು ಬೇಕಾದದ್ದು ಸುಮಾರು 347 ಕಿಲೋಜೂಲ್. ತರಂಗಾಂತರ ಚಿಕ್ಕದಾದಷ್ಟೂ ಪೆಟ್ಟು ಬಲವಾಗುತ್ತದೆ. ವಾತಾವರಣದ ಓಝೋನ್ ಪದರ ಸುಮಾರು 295 ನ್ಯಾನೋಮೀಟರಿಗಿಂತ ಚಿಕ್ಕ ತರಂಗಗಳನ್ನು ಕೆಳಗೆ ಬಿಡುವುದಿಲ್ಲ. ಈ 295 ಎಂಬ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ದೀಪದ ಆಯ್ಕೆಯಲ್ಲಿ ಅದು ಮತ್ತೆ ಬರುತ್ತದೆ. ಶಾಖವು ಬೆಳಕು ಶುರುಮಾಡಿದ ಕೆಲಸದ ವೇಗ ಹೆಚ್ಚಿಸುತ್ತದೆ. ನೀರು ಒಳಗಿಳಿದು ಉಬ್ಬಿಸುತ್ತದೆ, ಸಡಿಲವಾದದ್ದನ್ನು ತೊಳೆದು ಹೊಸ ಮೈಯನ್ನು ಬೆಳಕಿಗೆ ಒಡ್ಡುತ್ತದೆ. ಈ ಮೂರೂ ಒಟ್ಟಾಗಿ ಮಾಡುವ ಹಾನಿಯನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ ಕೂಡಿಸಿದರೆ ಲೆಕ್ಕ ಸರಿಹೋಗುವುದಿಲ್ಲ.

ಯಂತ್ರವನ್ನು ಆರಿಸುವುದು

ಬಳಕೆಯಲ್ಲಿರುವ ಯಂತ್ರಗಳು ಮುಖ್ಯವಾಗಿ ಎರಡು ಬಗೆಯವು: ಫ್ಲೋರೆಸೆಂಟ್ ಯುವಿ ದೀಪದವು ಮತ್ತು ಕ್ಸೆನಾನ್ ಆರ್ಕ್ ದೀಪದವು. ಇವೆರಡಕ್ಕಿಂತ ಹಳೆಯದಾದ ಕಾರ್ಬನ್ ಆರ್ಕ್ ಯಂತ್ರಗಳು ಕೆಲವು ಹಳೆಯ ನಿರ್ದಿಷ್ಟತೆಗಳಲ್ಲಿ ಇನ್ನೂ ಉಳಿದಿವೆ. ಗ್ರಾಹಕರು ಹೆಸರು ಹಿಡಿದು ಕೇಳದಿದ್ದರೆ ಅವುಗಳ ಗೋಜಿಗೆ ಹೋಗಬೇಕಾಗಿಲ್ಲ. ಪ್ಲಾಸ್ಟಿಕ್‌ಗಳಿಗೆ ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) 4892ರ ಎರಡನೆಯ ಭಾಗ ಕ್ಸೆನಾನ್ ವಿಧಾನವನ್ನೂ ಮೂರನೆಯ ಭಾಗ ಫ್ಲೋರೆಸೆಂಟ್ ವಿಧಾನವನ್ನೂ ವಿವರಿಸುತ್ತವೆ. ಬಣ್ಣ ಮತ್ತು ವಾರ್ನಿಷ್‌ಗಳಿಗೆ ಐಎಸ್‌ಒ 16474 ಇದೆ. ಅಮೆರಿಕ ಮೂಲದ ಮಾನಕ ಸಂಸ್ಥೆ ಎಎಸ್‌ಟಿಎಂನ ಸರಣಿಯಲ್ಲಿ ಜಿ154 ಫ್ಲೋರೆಸೆಂಟಿಗೆ, ಜಿ155 ಕ್ಸೆನಾನಿಗೆ.

ಫ್ಲೋರೆಸೆಂಟ್ ಯಂತ್ರದಲ್ಲಿ ಮೂರು ಬಗೆಯ ದೀಪಗಳು ಸಾಮಾನ್ಯ. ಯುವಿಎ-340 ದೀಪವು 295ರಿಂದ ಸುಮಾರು 365 ನ್ಯಾನೋಮೀಟರ್ ವರೆಗೆ ಸೂರ್ಯನ ಬೆಳಕನ್ನು ಬಹಳ ಹತ್ತಿರದಿಂದ ಹೋಲುತ್ತದೆ. ಯುವಿಎ-351 ಕಿಟಕಿ ಗಾಜಿನ ಮೂಲಕ ಬರುವ ಬಿಸಿಲನ್ನು ಹೋಲುತ್ತದೆ. ಯುವಿಬಿ-313 ದೀಪವು 295ಕ್ಕಿಂತ ಕೆಳಗಿನ, ಅಂದರೆ ನೆಲದ ಮೇಲೆ ಎಂದೂ ಕಾಣಸಿಗದ ತರಂಗಗಳನ್ನೂ ಸೂಸುತ್ತದೆ. ಅದರಿಂದ ಪರೀಕ್ಷೆ ಬೇಗ ಮುಗಿಯುತ್ತದೆ, ನಿಜ. ಆದರೆ ಹೊರಗೆ ನಡೆಯದ ರಾಸಾಯನಿಕ ಕ್ರಿಯೆಗಳು ಒಳಗೆ ನಡೆದು, ಒಳ್ಳೆಯ ವಸ್ತು ಕೆಟ್ಟದ್ದಾಗಿ, ಕೆಟ್ಟದ್ದು ಒಳ್ಳೆಯದಾಗಿ ಕಾಣಬಹುದು. ತಯಾರಿಕೆಯ ತಂಡದಿಂದ ತಂಡಕ್ಕೆ (ಅಂದರೆ ಒಮ್ಮೆಗೆ ತಯಾರಾದ ಸರಕಿನಿಂದ ಇನ್ನೊಮ್ಮೆಯದಕ್ಕೆ) ಗುಣಮಟ್ಟ ಒಂದೇ ಸಮನಿದೆಯೇ ಎಂದು ನೋಡಲು ಯುವಿಬಿ ಸಾಕು. ಆಯುಸ್ಸನ್ನು ಹೋಲಿಸಲು ನಾನು ಅದನ್ನು ಎಂದೂ ಸಲಹೆ ಮಾಡುವುದಿಲ್ಲ.

ಕ್ಸೆನಾನ್ ದೀಪವು ಸರಿಯಾದ ಫಿಲ್ಟರ್ ಜೊತೆಗೆ ನೇರಳಾತೀತ, ಕಾಣುವ ಬೆಳಕು ಮತ್ತು ಅವಕೆಂಪು ಮೂರನ್ನೂ ಕೊಡುತ್ತದೆ. ಇಲ್ಲಿ ದೀಪಕ್ಕಿಂತ ಫಿಲ್ಟರಿನ ಆಯ್ಕೆಯೇ ಮುಖ್ಯ: ಹೊರಾಂಗಣ ವಸ್ತುವಿಗೆ ಹಗಲು ಬೆಳಕಿನ ಫಿಲ್ಟರ್, ಒಳಾಂಗಣದ್ದಕ್ಕೆ ಕಿಟಕಿ ಗಾಜಿನ ಫಿಲ್ಟರ್. ಹಿಂದಿನ ಪರೀಕ್ಷೆಯ ಫಿಲ್ಟರ್ ಹಾಗೇ ಉಳಿದುಬಿಟ್ಟಿದ್ದರೆ ಇಡೀ ತಿಂಗಳ ಕೆಲಸ ವ್ಯರ್ಥವಾಗುತ್ತದೆ. ಆದ್ದರಿಂದ ಫಿಲ್ಟರಿನ ಮೇಲಿನ ಗುರುತನ್ನು ಕಣ್ಣಾರೆ ನೋಡಿಯೇ ಬಾಗಿಲು ಮುಚ್ಚಿ.

ಇವೆರಡರ ನಡುವೆ ಆರಿಸುವಾಗ ಅನೇಕರು ಗಮನಿಸದ ಒಂದು ವ್ಯತ್ಯಾಸವಿದೆ. ಬಿಸಿಲಿನಲ್ಲಿ ಕಪ್ಪು ಹಲಗೆ ಬಿಳಿಯ ಹಲಗೆಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಕ್ಸೆನಾನ್ ಯಂತ್ರದಲ್ಲಿಯೂ ಹಾಗೆಯೇ ಆಗುತ್ತದೆ, ಏಕೆಂದರೆ ಅದರ ಬೆಳಕಿನಲ್ಲಿ ಕಾಣುವ ಭಾಗವೂ ಅವಕೆಂಪೂ ಇವೆ. ಫ್ಲೋರೆಸೆಂಟ್ ಯಂತ್ರದಲ್ಲಿ ಶಾಖ ಬರುವುದು ಬಿಸಿಗಾಳಿಯಿಂದ. ಹಾಗಾಗಿ ಕಪ್ಪೂ ಬಿಳಿಯೂ ಸರಿಸುಮಾರು ಒಂದೇ ಉಷ್ಣತೆಯಲ್ಲಿರುತ್ತವೆ. ಬೇರೆ ಬೇರೆ ಬಣ್ಣಗಳನ್ನು ಒಂದರೊಡನೊಂದು ಹೋಲಿಸಬೇಕಾದರೆ, ಅಥವಾ ಕಾಣುವ ಬೆಳಕಿಗೇ ಮಾಸುವ ಬಣ್ಣದ್ರವ್ಯಗಳಿದ್ದರೆ, ಕ್ಸೆನಾನ್ ಬೇಕು. ಪಾಲಿಮರ್ ಹಳದಿಗಟ್ಟುವುದು, ಪುಡಿಯೇಳುವುದು, ಬಿರುಕು ಬಿಡುವುದು, ಹೊಳಪು ಕಳೆದುಕೊಳ್ಳುವುದು, ಇವಷ್ಟೇ ನಿಮ್ಮ ಚಿಂತೆಯಾದರೆ ಯುವಿಎ-340 ಸಾಕು. ಅದನ್ನು ನಡೆಸುವ ಖರ್ಚೂ ಕಡಿಮೆ.

ತುಣುಕುಗಳ ತಯಾರಿ

ಒಂದೇ ತಂಡದಿಂದ, ಒಂದೇ ದಪ್ಪದಲ್ಲಿ, ಒಂದೇ ಬಗೆಯಲ್ಲಿ ಒಣಗಿಸಿದ ತುಣುಕುಗಳನ್ನು ಕತ್ತರಿಸಿಕೊಳ್ಳಿ. ಪ್ರತಿ ವಸ್ತುವಿಗೆ ಕನಿಷ್ಠ ಮೂರು ತುಣುಕು ಯಂತ್ರಕ್ಕೆ, ಒಂದೆರಡು ತುಣುಕು ಕತ್ತಲೆಯಲ್ಲಿ ಜೋಪಾನವಾಗಿಡಲು. ಎಳೆದು ಮುರಿದು ಬಲ ಅಳೆಯುವುದಿದ್ದರೆ ಪ್ರತಿ ತಪಾಸಣೆಗೂ ಬೇರೆಯೇ ತುಣುಕುಗಳು ಬೇಕಾಗುವುದರಿಂದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಫ್ಲೋರೆಸೆಂಟ್ ಯಂತ್ರದ ಹಿಡಿಕೆಗಳಿಗೆ 75 × 150 ಮಿಲಿಮೀಟರ್ ಅಳತೆಯ ಹಲಗೆ ಹೊಂದುತ್ತದೆ. ಗುರುತನ್ನು ಹಿಂಬದಿಯಲ್ಲಿ ಗೀರಿ ಬರೆಯಿರಿ, ಏಕೆಂದರೆ ಮಾರ್ಕರ್ ಪೆನ್ನಿನ ಶಾಯಿ ಕೆಲವೇ ದಿನಗಳಲ್ಲಿ ಅಳಿಸಿಹೋಗಬಹುದು.

ತುಣುಕಿನ ಅರ್ಧಭಾಗವನ್ನು ಹಾಳೆಯಿಂದ ಮುಚ್ಚಿ ಅದನ್ನೇ ‘ಮೂಲ’ ಎಂದು ಹೋಲಿಸುವ ಅಭ್ಯಾಸ ಕೆಲವರಿಗಿದೆ. ಮುಚ್ಚಿದ ಭಾಗಕ್ಕೆ ಬೆಳಕು ತಾಕದಿದ್ದರೂ ಶಾಖವೂ ತೇವವೂ ತಾಕುತ್ತಲೇ ಇರುತ್ತವೆ. ಕಣ್ಣಳತೆಗೆ ಅದು ಪರವಾಗಿಲ್ಲ; ಅಳತೆಯ ಹೋಲಿಕೆ ಮಾತ್ರ ಕತ್ತಲೆಯಲ್ಲಿಟ್ಟ ತುಣುಕಿನೊಂದಿಗೇ ನಡೆಯಬೇಕು.

ಇದಕ್ಕಿಂತಲೂ ಮುಖ್ಯವಾದದ್ದು ಸಾಕ್ಷಿ ವಸ್ತು. ಹೊರಗಿನ ಹವೆಯಲ್ಲಿ ಬೇಗ ಕೆಡುತ್ತದೆ ಎಂದು ಈಗಾಗಲೇ ಗೊತ್ತಿರುವ ಒಂದು ವಸ್ತುವನ್ನೂ, ಚೆನ್ನಾಗಿ ತಾಳುತ್ತದೆ ಎಂದು ಗೊತ್ತಿರುವ ಇನ್ನೊಂದನ್ನೂ ನಿಮ್ಮ ಹೊಸ ವಸ್ತುವಿನ ಜೊತೆಗೇ ಯಂತ್ರದಲ್ಲಿಡಿ. ಸಾಧ್ಯವಾದರೆ ಇವು ರಾಸಾಯನಿಕವಾಗಿ ಹೊಸ ವಸ್ತುವಿನ ಕುಲದವೇ ಆಗಿರಲಿ. ಕೆಟ್ಟದ್ದು ಕೆಟ್ಟು, ಒಳ್ಳೆಯದು ಉಳಿದರೆ ನಡುವೆ ನಿಂತ ನಿಮ್ಮ ವಸ್ತುವಿನ ಫಲಿತಾಂಶಕ್ಕೆ ಅರ್ಥವಿದೆ. ಅವೆರಡೂ ಒಂದೇ ಬಗೆಯಾಗಿ ಕೆಟ್ಟರೆ ಪರೀಕ್ಷೆಯ ಸ್ಥಿತಿಯೇ ತಪ್ಪಾಗಿದೆ ಎಂದು ತಿಳಿಯಿರಿ. ಸಾಕ್ಷಿ ವಸ್ತುವಿಲ್ಲದ ಪರೀಕ್ಷೆಯನ್ನು ನಾನು ಅರ್ಧ ಪರೀಕ್ಷೆ ಎಂದೇ ಎಣಿಸುತ್ತೇನೆ.

ಆವರ್ತವನ್ನು ಹೊಂದಿಸುವುದು

ಆವರ್ತವೆಂದರೆ ಬೆಳಕು, ಕತ್ತಲೆ, ತೇವ ಇವು ಸರದಿಯಲ್ಲಿ ಬರುವ ಕ್ರಮ. ಜಿ154ರ ಮೊದಲನೆಯ ಆವರ್ತದಲ್ಲಿ ಯುವಿಎ-340 ದೀಪ, 340 ನ್ಯಾನೋಮೀಟರಿನಲ್ಲಿ ಚದರ ಮೀಟರಿಗೆ 0.89 ವ್ಯಾಟ್ ತೀವ್ರತೆ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ ಬೆಳಕು, ಬಳಿಕ ಕತ್ತಲೆಯಲ್ಲಿ 50 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಬ್ಬನಿ. ಐಎಸ್‌ಒ 4892-2ರಲ್ಲಿ ಬಹಳವಾಗಿ ಬಳಕೆಯಾಗುವ ಕ್ಸೆನಾನ್ ಆವರ್ತದಲ್ಲಿ ತೀವ್ರತೆ 0.51 ವ್ಯಾಟ್, ಕಪ್ಪು ಮಾನಕದ (ಬ್ಲ್ಯಾಕ್ ಸ್ಟ್ಯಾಂಡರ್ಡ್) ಉಷ್ಣತೆ 65 ಡಿಗ್ರಿ, 102 ನಿಮಿಷ ಒಣ ಬೆಳಕು, 18 ನಿಮಿಷ ಬೆಳಕಿನೊಡನೆ ನೀರಿನ ಸಿಂಪಡಣೆ.

ಉಷ್ಣತೆಯ ಅಂಕಿ ಓದುವಾಗ ಎಚ್ಚರ ಬೇಕು. ಅದು ಗಾಳಿಯ ಉಷ್ಣತೆಯಲ್ಲ, ತುಣುಕುಗಳ ಸಾಲಿನಲ್ಲೇ ಕೂತ ಕಪ್ಪು ಲೋಹದ ಫಲಕದ್ದು. ಈ ಫಲಕದಲ್ಲೂ ಎರಡು ಬಗೆಗಳಿವೆ: ಹಿಂಬದಿಗೆ ಶಾಖನಿರೋಧಕ ಹೊದಿಕೆಯಿರುವ ‘ಬ್ಲ್ಯಾಕ್ ಸ್ಟ್ಯಾಂಡರ್ಡ್’, ಹೊದಿಕೆಯಿಲ್ಲದ ‘ಬ್ಲ್ಯಾಕ್ ಪ್ಯಾನೆಲ್’. ಒಂದೇ ಸ್ಥಿತಿಯಲ್ಲಿ ಮೊದಲನೆಯದು ಎರಡನೆಯದಕ್ಕಿಂತ 3ರಿಂದ 12 ಡಿಗ್ರಿಯಷ್ಟು ಹೆಚ್ಚು ತೋರಿಸಬಹುದು. ವರದಿಯಲ್ಲಿ ಬರೀ ‘65 ಡಿಗ್ರಿ’ ಎಂದಿದ್ದರೆ ಯಾವ ಫಲಕದ್ದೆಂದು ಕೇಳಿ ತಿಳಿದುಕೊಳ್ಳಿ.

ಕಾಲಕ್ಕಿಂತ ಬೆಳಕಿನ ಪ್ರಮಾಣವನ್ನು ಲೆಕ್ಕವಿಡುವುದು ಮೇಲು. ತೀವ್ರತೆಯನ್ನು ಬೆಳಕಿನ ಗಂಟೆಗಳಿಂದಲೂ 3.6ರಿಂದಲೂ ಗುಣಿಸಿದರೆ ಚದರ ಮೀಟರಿಗೆ ಎಷ್ಟು ಕಿಲೋಜೂಲ್ ಎಂದು ಸಿಗುತ್ತದೆ. ಮೇಲಿನ ಕ್ಸೆನಾನ್ ಆವರ್ತದಲ್ಲಿ ಬೆಳಕು ಆರುವುದೇ ಇಲ್ಲವಾದ್ದರಿಂದ 1000 ಗಂಟೆಗೆ 0.51 × 3.6 × 1000, ಅಂದರೆ 1836 ಕಿಲೋಜೂಲ್. ಫ್ಲೋರೆಸೆಂಟ್ ಆವರ್ತದಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಬೆಳಕಿರುವುದರಿಂದ 1000 ಗಂಟೆಯಲ್ಲಿ ಬೆಳಕಿನ ಗಂಟೆ ಸುಮಾರು 667. ಪ್ರಮಾಣ ಸುಮಾರು 2136 ಕಿಲೋಜೂಲ್. ಎರಡೂ 340 ನ್ಯಾನೋಮೀಟರಿನಲ್ಲಿ ಅಳೆದವಾದರೂ ದೀಪಗಳ ಬೆಳಕಿನ ಹರವು ಬೇರೆಯಾದ್ದರಿಂದ ಈ ಎರಡು ಅಂಕಿಗಳನ್ನು ತಕ್ಕಡಿಯಲ್ಲಿಟ್ಟು ತೂಗಬೇಡಿ. ಒಂದೇ ಬಗೆಯ ಯಂತ್ರದ ಒಳಗಿನ ಹೋಲಿಕೆಗಷ್ಟೇ ಬಳಸಿ. ನಡುವೆ ವಿದ್ಯುತ್ ಹೋಗಿ ಯಂತ್ರ ನಿಂತರೂ ಪ್ರಮಾಣದ ಲೆಕ್ಕ ಕೆಡುವುದಿಲ್ಲ ಎಂಬುದು ಇದರ ಇನ್ನೊಂದು ಅನುಕೂಲ.

ಕತ್ತಲೆಯ ಘಟ್ಟವನ್ನು ಸಮಯ ಉಳಿಸುವ ನೆಪದಲ್ಲಿ ಕಿತ್ತುಹಾಕಬೇಡಿ. ಹೊರಗಿಟ್ಟ ವಸ್ತುಗಳನ್ನು ಹೆಚ್ಚು ಹೊತ್ತು ಒದ್ದೆಯಾಗಿಡುವುದು ಅನೇಕ ಕಡೆ ಮಳೆಯಲ್ಲ, ರಾತ್ರಿಯ ಇಬ್ಬನಿ. ನೀರು ಒಳಗಿಳಿಯಲು ಹೊತ್ತು ಬೇಕು, ಮತ್ತು ಆ ಹೊತ್ತನ್ನು ಕೊಡುವುದು ಈ ಘಟ್ಟವೇ.

ನೀರಿನ ವಿಷಯ

ಫ್ಲೋರೆಸೆಂಟ್ ಯಂತ್ರದ ಇಬ್ಬನಿಯ ಏರ್ಪಾಡು ಸೊಗಸಾದದ್ದು. ತಳದ ತಟ್ಟೆಯಲ್ಲಿ ನೀರು ಕಾದು ಆವಿಯಾಗಿ ಮೇಲೇರುತ್ತದೆ. ತುಣುಕುಗಳೇ ಯಂತ್ರದ ಗೋಡೆಯಾಗಿ ನಿಂತಿರುವುದರಿಂದ ಅವುಗಳ ಬೆನ್ನಿಗೆ ಕೋಣೆಯ ತಂಪುಗಾಳಿ ತಗಲುತ್ತದೆ. ಮುಖದ ಮೇಲೆ ಆವಿ ಹನಿಗಟ್ಟುತ್ತದೆ. ಆವಿಯಾಗಿ ಬಂದ ನೀರು ತಾನಾಗಿಯೇ ಶುದ್ಧವಾಗಿರುವುದರಿಂದ ತಟ್ಟೆಗೆ ನಲ್ಲಿ ನೀರು ಹಾಕಿದರೂ ನಡೆಯುತ್ತದೆ. ಆದರೆ ದಪ್ಪ ಫೋಮಿನಂತಹ ಶಾಖನಿರೋಧಕ ತುಣುಕಿನ ಬೆನ್ನು ತಣ್ಣಗಾದರೂ ಮುಖ ತಣಿಯುವುದಿಲ್ಲ, ಇಬ್ಬನಿ ಕೂರುವುದಿಲ್ಲ. ಅಂಥವು 20 ಮಿಲಿಮೀಟರಿಗಿಂತ ದಪ್ಪವಿರಬಾರದು. ಕೋಣೆ ತೀರ ಬಿಸಿಯಾಗಿದ್ದರೂ ಇದೇ ತೊಂದರೆ. ಇಬ್ಬನಿಯ ಘಟ್ಟದಲ್ಲಿ ಒಮ್ಮೆ ತುಣುಕೊಂದನ್ನು ಹೊರತೆಗೆದು ಅದರ ಮುಖ ನಿಜವಾಗಿಯೂ ಒದ್ದೆಯಾಗಿದೆಯೇ ಎಂದು ನೋಡುವುದು ಯಾವ ಮೀಟರಿಗಿಂತಲೂ ಒಳ್ಳೆಯ ತಪಾಸಣೆ.

ಸಿಂಪಡಣೆಯ ಕಥೆ ಬೇರೆ. ಅಲ್ಲಿ ಖನಿಜರಹಿತ ನೀರೇ ಬೇಕು: ವಿದ್ಯುದ್ವಾಹಕತೆ ಸೆಂಟಿಮೀಟರಿಗೆ 5 ಮೈಕ್ರೋಸೀಮೆನ್ಸ್‌ಗಿಂತ ಕಡಿಮೆ, ಕರಗಿದ ಘನಪದಾರ್ಥ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಈ ವಿಷಯದಲ್ಲಿ ನನಗಾದ ಒಂದು ಅನುಭವವನ್ನು ಹೇಳಲೇಬೇಕು. ಗಾಢ ನೀಲಿ ಬಣ್ಣ ಬಳಿದ ಹಲಗೆಗಳ ಮೇಲೆ ಮುನ್ನೂರು ಗಂಟೆಯ ಹೊತ್ತಿಗೆ ತೆಳುವಾದ ಬಿಳಿ ಮುಸುಕು ಕಂಡಿತು. ಬಣ್ಣ ಪುಡಿಯೇಳುತ್ತಿದೆ ಎಂದುಕೊಂಡು ಟೇಪು ಒತ್ತಿ ಕಿತ್ತೆವು. ಟೇಪಿಗೆ ಏನೂ ಅಂಟಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದಾಗ ಮುಸುಕು ಮಾಯವಾಗಿ, ಒಣಗಿದ ಕೂಡಲೇ ಮತ್ತೆ ಕಾಣಿಸಿಕೊಂಡಿತು. ಸುಣ್ಣದ ಕಲೆಯಾದರೆ ತೆಳು ವಿನೆಗರ್‌ಗೆ ಕರಗಬೇಕಿತ್ತು, ಅದೂ ಆಗಲಿಲ್ಲ. ಅದು ಸಿಲಿಕ. ನೀರು ಶುದ್ಧೀಕರಿಸುವ ರಾಳ ಸೋತಾಗ ಮೊದಲು ನುಸುಳುವುದೇ ಸಿಲಿಕ. ಅದು ನೀರಿನಲ್ಲಿ ಅಯಾನುಗಳಾಗಿ ಒಡೆಯುವುದು ಬಹಳ ಕಡಿಮೆಯಾದ್ದರಿಂದ ವಾಹಕತೆಯ ಮೀಟರು ಎಲ್ಲ ಸರಿಯಾಗಿದೆ ಎಂದೇ ತೋರಿಸುತ್ತಿರುತ್ತದೆ. ಹೀಗಾಗಿ ಸಿಲಿಕವನ್ನು ಪ್ರತ್ಯೇಕವಾಗಿ ಅಳೆಯಿರಿ, ರಾಳವನ್ನು ಮೀಟರು ದೂರುವ ಮುಂಚೆಯೇ ಬದಲಿಸಿ, ಮತ್ತು ತುಣುಕುಗಳ ಸಾಲಿನಲ್ಲಿ ಒಂದು ಶುದ್ಧ ಗಾಜಿನ ಚೂರನ್ನು ಕೂರಿಸಿಡಿ. ಗಾಜು ಮಂಕಾದರೆ ತಪ್ಪು ನೀರಿನದು.

ಓಡುತ್ತಿರುವಾಗ

ಯಂತ್ರದೊಳಗೆ ಎಲ್ಲ ಜಾಗಕ್ಕೂ ಬೆಳಕು ಸಮವಾಗಿ ಬೀಳುವುದಿಲ್ಲ. ಸಾಮಾನ್ಯವಾಗಿ ಅಂಚಿನಲ್ಲಿ ಕಡಿಮೆ, ನಡುವೆ ಹೆಚ್ಚು. ಹಾಗಾಗಿ ನಿಗದಿತ ಅವಧಿಗೊಮ್ಮೆ ತುಣುಕುಗಳ ಜಾಗ ಬದಲಿಸಿ; ಯಾವ ತುಣುಕು ಎಲ್ಲಿತ್ತು ಎಂಬುದನ್ನು ಒಂದು ನಕ್ಷೆಯಲ್ಲಿ ಗುರುತಿಸಿಡಿ. ಖಾಲಿ ಹಿಡಿಕೆಗಳನ್ನು ಹಾಗೇ ಬಿಡದೆ ಖಾಲಿ ಹಲಗೆಗಳಿಂದ ತುಂಬಿ, ಇಲ್ಲದಿದ್ದರೆ ಶಾಖವೂ ಆವಿಯೂ ಸೋರಿಹೋಗುತ್ತವೆ. ತೀವ್ರತೆಯ ಸಂವೇದಕವನ್ನು ಯಂತ್ರದ ಕೈಪಿಡಿ ಹೇಳಿದ ಅವಧಿಗೆ ತಪ್ಪದೆ ಮಾಪನಾಂಕಕ್ಕೆ ಹೊಂದಿಸಿ.

ಕ್ಸೆನಾನ್ ದೀಪ ಬದಲಿಸುವಾಗ ಅದು ಪೂರ್ತಿ ತಣಿಯುವವರೆಗೆ ಕಾಯಿರಿ. ಒಳಗಿನ ಅನಿಲ ಒತ್ತಡದಲ್ಲಿರುವುದರಿಂದ ಮುಖಕವಚ, ಕೈಗವಸು ಧರಿಸಿ. ಬರಿಗೈಯಿಂದ ಸ್ಫಟಿಕದ ಕೊಳವೆ ಮುಟ್ಟಿದರೆ ಬೆವರಿನ ಉಪ್ಪು ಶಾಖಕ್ಕೆ ಸುಟ್ಟು ಅಲ್ಲಿ ಶಾಶ್ವತ ಮಚ್ಚೆಯಾಗುತ್ತದೆ. ಉರಿಯುತ್ತಿರುವ ಯುವಿ ದೀಪವನ್ನು ಬರಿಗಣ್ಣಿನಿಂದ ನೋಡಬೇಡಿ. ಬಾಗಿಲು ತೆರೆದೊಡನೆ ದೀಪ ಆರಿಸುವ ಸ್ವಿಚ್ಚನ್ನು ಯಾರೂ ಕಟ್ಟಿಹಾಕದಂತೆ ನೋಡಿಕೊಳ್ಳಿ.

ಅಳೆಯುವುದು

ಕೊನೆಯಲ್ಲಿ ಒಮ್ಮೆ ಮಾತ್ರ ಅಳೆದರೆ ಅರ್ಧ ವಿಷಯ ಕೈತಪ್ಪುತ್ತದೆ. ಸ್ಥಿರಕಾರಕ (ಹಾನಿ ತಡೆಯಲು ಸೇರಿಸುವ ದ್ರವ್ಯ) ಬೆರೆಸಿದ ಪ್ಲಾಸ್ಟಿಕ್ ಬಹಳ ಕಾಲ ಏನೂ ಆಗದಂತೆ ನಿಂತು, ಸ್ಥಿರಕಾರಕ ತೀರಿದ ಮೇಲೆ ಥಟ್ಟನೆ ಕುಸಿಯಬಹುದು. 1000 ಗಂಟೆಗೆ ಸಮನಾಗಿ ಕಂಡ ಎರಡು ವಸ್ತುಗಳಲ್ಲಿ ಒಂದು 1200ಕ್ಕೆ ಪೆಡಸಾಗಿ ಮುರಿದು, ಇನ್ನೊಂದು 3000 ದಾಟಿದರೂ ಅಚ್ಚರಿಯಿಲ್ಲ. ಆದ್ದರಿಂದ 250 ಅಥವಾ 500 ಗಂಟೆಗೊಮ್ಮೆ ಅಳೆದು ರೇಖಾಚಿತ್ರ ಬರೆಯುತ್ತ ಹೋಗಿ, ಮತ್ತು ಸಾಧ್ಯವಿದ್ದರೆ ವಸ್ತು ಸೋಲುವವರೆಗೂ ಓಡಿಸಿ.

ಹೊಳಪನ್ನು ಐಎಸ್‌ಒ 2813ರಂತೆ 60 ಡಿಗ್ರಿ ಕೋನದಲ್ಲಿ ಅಳೆಯಿರಿ. ಹೊಳಪು 70ಕ್ಕಿಂತ ಹೆಚ್ಚಿದ್ದರೆ 20 ಡಿಗ್ರಿ, 10ಕ್ಕಿಂತ ಕಡಿಮೆಯಿದ್ದರೆ 85 ಡಿಗ್ರಿ ಕೋನ ಹೆಚ್ಚು ಸೂಕ್ಷ್ಮವಾಗಿ ತೋರಿಸುತ್ತದೆ. ಬಣ್ಣದ ವ್ಯತ್ಯಾಸವನ್ನು ಡೆಲ್ಟಾ ಇ ಎಂಬ ಒಂದೇ ಅಂಕಿಯಲ್ಲಿ ಮುಗಿಸದೆ, ಹಳದಿಯ ಕಡೆಗೆ ವಾಲಿತೋ ಬಿಳಿಚಿತೋ ಎಂಬುದನ್ನೂ ಬರೆಯಿರಿ, ಏಕೆಂದರೆ ಒಂದೇ ಡೆಲ್ಟಾ ಇ ಎರಡು ಬೇರೆ ರೋಗಗಳ ಲಕ್ಷಣವಾಗಿರಬಹುದು. ಪುಡಿಯೇಳುವುದಕ್ಕೆ ಐಎಸ್‌ಒ 4628-6ರ ಟೇಪು ವಿಧಾನವಿದೆ. ಅಳೆಯುವ ಮೊದಲು ತುಣುಕನ್ನು ತೊಳೆದಿರೋ ಇಲ್ಲವೋ ಎಂಬುದು ಹೊಳಪಿನ ಅಂಕಿಯನ್ನು ಬಹಳ ಬದಲಿಸುವುದರಿಂದ ಅದನ್ನು ದಾಖಲಿಸದೆ ಬಿಡಬಾರದು.

ಹೊರಗಿನ ಹವೆಯೊಡನೆ ತಾಳೆ ನೋಡುವುದು

ಯಂತ್ರದ ಮಾತು ನಂಬತಕ್ಕದ್ದೇ ಎಂಬುದನ್ನು ಪರೀಕ್ಷಿಸಲು ಕ್ರಮಾಂಕಗಳ ಹೋಲಿಕೆ ಒಳ್ಳೆಯ ದಾರಿ. ಐದು ಬಣ್ಣಗಳು ಹೊರಗೆ ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಕ್ರಮದಲ್ಲಿ ನಿಂತವು, ಯಂತ್ರದಲ್ಲಿ ಎರಡನೆಯದೂ ಮೂರನೆಯದೂ ಮಾತ್ರ ಅದಲುಬದಲಾದವು ಎಂದುಕೊಳ್ಳಿ. ಕ್ರಮಾಂಕಗಳ ವ್ಯತ್ಯಾಸದ ವರ್ಗಗಳ ಮೊತ್ತ 2. ಅದನ್ನು 6ರಿಂದ ಗುಣಿಸಿ, ಐದನ್ನು (ಇಪ್ಪತ್ತೈದು ಕಳೆ ಒಂದ)ರಿಂದ ಗುಣಿಸಿ ಬಂದ 120ರಿಂದ ಭಾಗಿಸಿ, ಒಂದರಿಂದ ಕಳೆದರೆ 0.9. ಸ್ಪಿಯರ್‌ಮನ್ ಸಹಸಂಬಂಧವೆಂದು ಕರೆಯುವ ಈ ಅಂಕಿ ಒಂದಕ್ಕೆ ಹತ್ತಿರವಿದ್ದಷ್ಟೂ ನಿಮ್ಮ ಆವರ್ತ ಹೊರಗಿನ ಹವೆಯನ್ನು ಅಷ್ಟರಮಟ್ಟಿಗೆ ಹಿಡಿದಿದೆ ಎಂದರ್ಥ. ಸೊನ್ನೆಯ ಆಸುಪಾಸಿನಲ್ಲಿದ್ದರೆ ದೀಪ, ಉಷ್ಣತೆ, ತೇವಗಳಲ್ಲಿ ಯಾವುದೋ ಒಂದು ದಾರಿತಪ್ಪಿದೆ.

ಈ ಲೆಕ್ಕಕ್ಕೆ ಹೊರಗಿನ ಅಂಕಿ ಬೇಕಲ್ಲ. ಅದಕ್ಕಾಗಿ ಬಿಸಿ ಮತ್ತು ತೇವದ ಹವೆಗೆ ಫ್ಲೋರಿಡಾ, ಬಿಸಿ ಮತ್ತು ಒಣ ಹವೆಗೆ ಅರಿಜೋನ ಎಂಬ ಎರಡು ಕಡೆಯ ಬಯಲು ಪರೀಕ್ಷಾ ತಾಣಗಳನ್ನು ಜಗತ್ತಿನಾದ್ಯಂತ ಆಧಾರವಾಗಿ ಬಳಸುತ್ತಾರೆ. ಅಲ್ಲಿಗೆ ಕಳಿಸಲಾಗದಿದ್ದರೂ ನಿಮ್ಮಲ್ಲೇ ಇದನ್ನು ಆರಂಭಿಸಬಹುದು. ಯಂತ್ರದ ಗುಂಡಿ ಒತ್ತಿದ ದಿನವೇ, ಅದೇ ತಂಡದ ಮೂರು ತುಣುಕುಗಳನ್ನು ಮತ್ತು ಸಾಕ್ಷಿ ವಸ್ತುಗಳನ್ನು ನೆರಳು ಬೀಳದ ಬಯಲಿನಲ್ಲಿ, ಸಮಭಾಜಕದತ್ತ ಮುಖ ಮಾಡಿ, 45 ಡಿಗ್ರಿ ವಾಲಿಸಿದ ಚೌಕಟ್ಟಿಗೆ ಬಿಗಿಯಿರಿ. ಹಿಂಬದಿಯಲ್ಲಿ ಯಂತ್ರದೊಳಗಿನ ತುಣುಕಿನದೇ ಸಂಖ್ಯೆಯನ್ನು ಗೀರಿ, ಇಟ್ಟ ದಿನಾಂಕವನ್ನು ಅದರ ಕೆಳಗೆ ಬರೆಯಿರಿ. ಯಂತ್ರದ ವರದಿಯಲ್ಲಿ ದೀಪ, ಫಿಲ್ಟರ್, ತೀವ್ರತೆ, ಆವರ್ತ, ಫಲಕದ ಬಗೆ, ಬೆಳಕಿನ ಪ್ರಮಾಣ ಇವುಗಳ ಕೆಳಗೆ ಒಂದು ಸಾಲನ್ನು ಖಾಲಿ ಬಿಡಿ; ಬಯಲಿನ ತುಣುಕುಗಳ ಮೊದಲ ವರ್ಷದ ಅಳತೆ ಬಂದಾಗ ಅದನ್ನು ಅಲ್ಲಿ ತುಂಬಿ.